ಹೊಟ್ಟೆ ಗಿಟಾರೋ, ಕರೆಂಟು ಗಿಟಾರೋ?

ಊಟದ ಹೊತ್ತಿನಲ್ಲಿ ಹೇಳಬಾರದಿತ್ತು. ಹೇಳಿಬಿಟ್ಟೆ.

“ನಾನು ಗಿಟಾರು ಕಲೀಬೇಕು ಅಂತಿದ್ದೀನಿ.”

ಯಜಮಾನರ ಕೈಯಲ್ಲಿದ್ದ ಸಾರನ್ನದ ತುತ್ತು ತಟ್ಟೆಗೂ ಬಾಯಿಗೂ ನಡುವೆ ಎಲ್ಲೋ ನಿಂತಿತು. ನಲವತ್ತು ದಾಟಿದ ಹೆಂಡತಿ ಗಿಟಾರು ಕಲಿಯುತ್ತೇನೆಂದರೆ ಗಂಡನಾದವನು ಏನು ಕೇಳಬಹುದು? ಯಾಕೆ ಎನ್ನಬಹುದು. ಯಾರ ಹತ್ತಿರ ಎನ್ನಬಹುದು. ಇವರು ಕೇಳಿದ್ದು ಒಂದೇ ಪದ.

“ಅಡುಗೆ?”

“ಅದನ್ನ ಕಲ್ತಾಯ್ತಲ್ರೀ,” ಎಂದೆ.

ಅಷ್ಟರಲ್ಲಿ ಎದುರಿಗೆ ಕೂತಿದ್ದ ನಮ್ಮತ್ತೆ ಕಮಲಮ್ಮನವರು ತಲೆಯೆತ್ತಿದರು. ಅತ್ತೆಗೆ ಕಿವಿ ಮಂದ. ಆದರೆ ಮಗನ ತುತ್ತು ನಿಂತದ್ದು ಕಣ್ಣಿಗೆ ಬಿದ್ದಿತ್ತು.

“ಏನಂತೋ? ಏನು ಕಲೀತಾಳಂತೆ?”

“ಗಿಟಾರು ಅಮ್ಮಾ! ಗಿಟಾರು!” ಇವರು ಕೂಗಿದರು.

“ಮೋಟಾರಾ?” ಅತ್ತೆಯ ಮುಖ ಅರಳಿತು. “ಕಲೀಲಿ ಬಿಡೋ, ಒಳ್ಳೇದೇ ಆಯ್ತು. ಈ ಹಾಳು ಬಸ್ಸಿಗೆ ಕಾದು ಕಾದು ನನ್ನ ಮಂಡಿ ಹೋಯ್ತು. ತ್ಯಾಗರಾಜನಗರಕ್ಕಾದ್ರೂ ಹೋಗಿ ಬರಬಹುದು.”

ಯಜಮಾನರು ನನ್ನ ಮುಖ ನೋಡಿದರು. ನಾನು ಉಪ್ಪಿನಕಾಯಿಯನ್ನು ನೋಡಿದೆ.

ತಿದ್ದಬೇಕಿತ್ತೇ? ನೀವೇ ಹೇಳಿ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅತ್ತೆಯ ಒಪ್ಪಿಗೆ ಇಷ್ಟು ಸಲೀಸಾಗಿ ಸಿಕ್ಕಿದ್ದು ಇದೇ ಮೊದಲು. ಸಿಕ್ಕಿದ್ದನ್ನು ಯಾರಾದರೂ ವಾಪಸು ಮಾಡುತ್ತಾರೆಯೇ? ಸುಮ್ಮನೆ ಎದ್ದು ಎಲ್ಲರಿಗೂ ಮಜ್ಜಿಗೆ ಬಡಿಸಿದೆ.

ಈ ಹುಚ್ಚು ಹಿಡಿದದ್ದು ಗಣೇಶನ ಹಬ್ಬದಲ್ಲಿ. ನಮ್ಮ ಜಯನಗರದಲ್ಲಿ ಇನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹಾಗಾಗಿ ಗಣೇಶನಿಗೆ ಮಾತ್ರ ಜಾಗದ ತಾಪತ್ರಯವಿಲ್ಲ. ನಮ್ಮ ರಸ್ತೆಯ ಕೊನೆಯ ಸೈಟಿನಲ್ಲಿ ಪೆಂಡಾಲು ಹಾಕಿ ಆರ್ಕೆಸ್ಟ್ರಾ ಇಟ್ಟಿದ್ದರು. ಹಾಡುವವನು ಬಹಳ ಭಾವಪೂರ್ಣವಾಗಿ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ. ಅರ್ಧದಲ್ಲಿ ಅವನ ಮೈಕು ಕೆಟ್ಟಿತು. ಕಣ್ಣು ಮುಚ್ಚಿದ್ದರಿಂದ ಅವನಿಗೆ ಗೊತ್ತಾಗಲಿಲ್ಲ. ಬಾಯಿ ತೆರೆಯುತ್ತಿದೆ, ಮುಚ್ಚುತ್ತಿದೆ, ಸದ್ದಿಲ್ಲ. ಜನ ನಗತೊಡಗಿದರು.

ಆಗ ಪಕ್ಕದಲ್ಲಿ ನಿಂತಿದ್ದ ಒಬ್ಬ ಸಣಕಲು ಮನುಷ್ಯ, ಬಿಗಿ ಪ್ಯಾಂಟು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕ್ರಾಪು, ಹಾಡುವವನ ಸಾಲನ್ನು ತನ್ನ ಗಿಟಾರಿನಲ್ಲಿ ಎತ್ತಿಕೊಂಡ. ಅಕ್ಷರ ಒಂದೂ ಬಿಡದಂತೆ ಬಾರಿಸಿದ. ಜನರ ನಗು ನಿಂತಿತು. ಹಾಡುವವನ ಮಾನ ಉಳಿಯಿತು. ನನ್ನದು ಹೋಯಿತು. ಕಾರ್ಯಕ್ರಮ ಮುಗಿಯುತ್ತಲೇ ಸ್ಟೇಜಿನ ಹಿಂದಕ್ಕೆ ಹೋಗಿ, “ನೀವು ಪಾಠ ಹೇಳಿಕೊಡ್ತೀರಾ?” ಎಂದು ಕೇಳಿಬಿಟ್ಟೆ.

(ನನ್ನ ಸಂಗೀತದ ಚರಿತ್ರೆ ಚಿಕ್ಕದು. ಮದುವೆಗೆ ಮುಂಚೆ ಮನೆಯಲ್ಲಿ ಹಾಡಿನ ಮೇಷ್ಟರನ್ನು ಇಟ್ಟಿದ್ದರು. ಪಾಠ ಬಿಟ್ಟದ್ದು ನಾನಲ್ಲ, ಮೇಷ್ಟರು.)

ಅವರ ಹೆಸರು ವಿಕ್ಟರ್. ಮನೆ ಶಾಂತಿನಗರದಲ್ಲಿ. ಹಗಲು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸ, ಸಂಜೆ ಆರ್ಕೆಸ್ಟ್ರಾ.

“ಹೇಳ್ಕೊಡ್ತೀನಿ ಮೇಡಂ. ಮಗನಿಗಾ, ಮಗಳಿಗಾ?”

“ನನಗೆ.”

ವಿಕ್ಟರ್ ನಗಲಿಲ್ಲ. ಪಾಪ, ಮರ್ಯಾದಸ್ಥರು. “ಅಕೌಸ್ಟಿಕ್ಕಾ, ಎಲೆಕ್ಟ್ರಿಕ್ಕಾ?” ಎಂದು ಕಾಫಿಯಾ ಟೀಯಾ ಎನ್ನುವ ಹಾಗೆ ಕೇಳಿದರು.

ಎರಡು ಜಾತಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವರು ವಿವರಿಸಿದರು. ಅಕೌಸ್ಟಿಕ್ ಎಂದರೆ ಹೊಟ್ಟೆಯಿರುವ ಮರದ ಗಿಟಾರು. ಸದ್ದು ಆ ಹೊಟ್ಟೆಯೊಳಗಿಂದಲೇ ಬರುತ್ತದೆ, ಯಾರ ಹಂಗೂ ಇಲ್ಲ. ಎಲೆಕ್ಟ್ರಿಕ್ಕಿಗೆ ಹೊಟ್ಟೆಯೇ ಇಲ್ಲ, ಅಡುಗೆ ಮನೆಯ ಮಣೆಯಂತೆ ಚಪ್ಪಟೆ. ಅದರ ಸದ್ದು ತಂತಿಯ ಮೂಲಕ ಹೋಗಿ ಇನ್ನೊಂದು ಪೆಟ್ಟಿಗೆಯಲ್ಲಿ ದೊಡ್ಡದಾಗಿ ಕೇಳುತ್ತದೆ. ಕರೆಂಟು ಹೋದರೆ ಅದೂ ಹೋಯಿತು.

“ಕಲಿಯೋರಿಗೆ ಯಾವುದು ಒಳ್ಳೇದು?”

“ಮರದ್ದರಲ್ಲಿ ಶುರು ಮಾಡಿದ್ರೆ ಬೆರಳು ಗಟ್ಟಿ ಆಗತ್ತೆ ಮೇಡಂ, ತಂತಿ ದಪ್ಪ. ಎಲೆಕ್ಟ್ರಿಕ್ ತಂತಿ ತೆಳು, ಬೆರಳಿಗೆ ನೋವಿಲ್ಲ. ಆದ್ರೆ ಮನಸ್ಸು ಗಟ್ಟಿ ಇರ್ಬೇಕು.”

“ಮನಸ್ಸು ಯಾಕೆ?”

“ಅಕ್ಕಪಕ್ಕದೋರು ಬೈತಾರಲ್ಲ.”

ಕೊನೆಗೆ ಒಂದು ಒಪ್ಪಂದವಾಯಿತು. ಮೊದಲು ಒಂದು ವಾರ ಮರದ್ದು, ಆಮೇಲೆ ಒಂದು ವಾರ ಎಲೆಕ್ಟ್ರಿಕ್ಕು. ಎರಡೂ ವಿಕ್ಟರರದೇ. ಯಾವುದು ಒಗ್ಗುತ್ತದೋ ಅದನ್ನು ಇಟ್ಟುಕೊಳ್ಳುವುದು, ಇನ್ನೊಂದನ್ನು ಅವರು ಒಯ್ಯುವುದು. ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಇದು ಎಷ್ಟೋ ಮೇಲು. ಅಲ್ಲಿ ಉಪ್ಪಿಟ್ಟು ತಿನ್ನುವುದರೊಳಗೆ ತೀರ್ಮಾನವಾಗಬೇಕು.

ಮನೆಯಲ್ಲಿ ಯಜಮಾನರ ವೋಟು ಕೂಡಲೇ ಬಿತ್ತು. “ಮರದ್ದು. ನೋ ಡೌಟ್.” ಕಾರಣ ಕೇಳಿದೆ. ಕರೆಂಟು ಎಂದರು, ಷಾಕು ಎಂದರು, ಸಂಸ್ಕೃತಿ ಎಂದರು. ನಿಜವಾದ ಕಾರಣ ಮುಖದ ಮೇಲೇ ಇತ್ತು: ಮರದ್ದನ್ನು ಹಿತ್ತಿಲಿಗೆ ಕಳಿಸಬಹುದು.

ಪಕ್ಕದ ಮನೆಯ ಶ್ಯಾಮರಾಯರು ರಿಟೈರ್ಡ್ ಹೆಡ್‌ಮೇಷ್ಟರು. ಮಧ್ಯಾಹ್ನ ಊಟವಾದ ಮೇಲೆ ಅವರು ಮಲಗಿದರೆಂದರೆ ನಮ್ಮ ಬೀದಿಯ ನಾಯಿಗಳೂ ಪಿಸುಮಾತಿನಲ್ಲಿ ಬೊಗಳಬೇಕು. ಸುದ್ದಿ ತಿಳಿದು ಕಾಂಪೌಂಡಿನ ಮೇಲಿಂದ ಇಣುಕಿ ಹೇಳಿದರು: “ತಂತಿ ಇರೋದೆಲ್ಲ ವಿದ್ಯೆ ಅಲ್ಲಮ್ಮ ಸರೋಜ. ತಂತಿ ಮೇಲೆ ನಾವು ಬಟ್ಟೇನೂ ಒಣಗಿಸ್ತೀವಿ.”

ಅತ್ತೆ ಮಾತ್ರ ದಿನಾ ಬೆಳಗ್ಗೆ ಗೇಟಿನ ಕಡೆ ನೋಡಿ ಕೇಳುತ್ತಿದ್ದರು. “ಮೋಟಾರು ಯಾವಾಗ ಬರತ್ತೆ?”

ಭಾನುವಾರ ವಿಕ್ಟರ್ ಸೈಕಲ್ಲಿನ ಹಿಂದೆ ಕರಿ ಪೆಟ್ಟಿಗೆ ಕಟ್ಟಿಕೊಂಡು ಬಂದರು. ಅತ್ತೆ ಪೆಟ್ಟಿಗೆಯನ್ನು ನೋಡಿದರು, ಸೈಕಲ್ಲನ್ನು ನೋಡಿದರು, ವಿಕ್ಟರರನ್ನು ನೋಡಿದರು.

“ಇದರೊಳಗೆ ಮೋಟಾರಾ?”

ಪೆಟ್ಟಿಗೆ ತೆರೆದೆವು. ಜೇನಿನ ಬಣ್ಣದ ಗಿಟಾರು ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿತ್ತು. ಅತ್ತೆ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟವನ್ನು ನಾನಿಲ್ಲಿ ಬರೆಯುವುದಿಲ್ಲ, ಸೊಸೆಯರಾಗಿರುವ ಓದುಗರಿಗೆ ಗೊತ್ತಿರುತ್ತದೆ. “ಇದಕ್ಕೆ ಚಕ್ರ ಇಲ್ಲ,” ಎಂದಷ್ಟೇ ಹೇಳಿ, ಅಕ್ಕಿ ಆರಿಸುವ ಮೊರ ತೆಗೆದುಕೊಂಡು ಒಳಗೆ ಹೋದರು.

ಈಗ ನಿಮಗೆ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು.

ಕಮಲಮ್ಮನವರು ಒಂದು ಕಾಲದಲ್ಲಿ ವೀಣೆ ನುಡಿಸುತ್ತಿದ್ದರು. ಸುಮ್ಮನೆ ಹಬ್ಬಕ್ಕೆ ಹುಣ್ಣಿಮೆಗೆ ಅಲ್ಲ, ದಿನಾ ಬೆಳಗ್ಗೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹಾಲು ಕಾಯುವುದರೊಳಗೆ ಒಂದು ವರ್ಣ ಮುಗಿಯುತ್ತಿತ್ತು. ವರ್ಣ ಮುಗಿದ ಕೂಡಲೇ ನನ್ನ ಕಾಫಿಯಲ್ಲಿ ತಪ್ಪು ಹುಡುಕುವ ಕಾರ್ಯಕ್ರಮ ಶುರು. ಆಮೇಲಾಮೇಲೆ ಕಿವಿ ಮಂದವಾಗುತ್ತಾ ಬಂತು. ಒಂದು ನವರಾತ್ರಿಯಲ್ಲಿ ಬೊಂಬೆ ನೋಡಲು ಬಂದ ಹೆಂಗಸರ ಮುಂದೆ ನುಡಿಸಲು ಕೂತರು. ಒಂದು ತಂತಿ ಇಳಿದಿತ್ತು. ಅವರಿಗೆ ಗೊತ್ತಾಗಲಿಲ್ಲ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಹುಡುಗಿ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಕಿವಿ ಮಂದವಾದವರಿಗೆ ಕಣ್ಣು ಬಹಳ ಚುರುಕು. ಅತ್ತೆ ನಿಲ್ಲಿಸಲಿಲ್ಲ. ಪೂರ್ತಿ ನುಡಿಸಿದರು, ಆರತಿ ಮಾಡಿಸಿದರು, ಎಲ್ಲರಿಗೂ ಕೋಸಂಬರಿ ಕೊಟ್ಟು ಕಳಿಸಿದರು. ಹಬ್ಬ ಮುಗಿದ ಮೇಲೆ ವೀಣೆಯನ್ನು ತ್ಯಾಗರಾಜನಗರದ ತಮ್ಮ ನಾದಿನಿಯ ಮೊಮ್ಮಗಳಿಗೆ ಕೊಟ್ಟುಬಿಟ್ಟರು. “ಬೆನ್ನು ನೋಯತ್ತೆ,” ಎಂದರು. ನಾವೂ ಹೌದು ಎಂದೆವು. ಬೆನ್ನುನೋವು ಬಹಳ ಅನುಕೂಲದ ಕಾಯಿಲೆ, ಯಾರೂ ಮುಂದಕ್ಕೆ ಪ್ರಶ್ನೆ ಕೇಳುವುದಿಲ್ಲ.

ಇವರು ಕಿವಿಯ ಮಿಷನ್ನು ತಂದುಕೊಟ್ಟಿದ್ದರು. ಎದೆಗೊಂದು ಡಬ್ಬ, ಅಲ್ಲಿಂದ ಕಿವಿಗೊಂದು ವೈರು. ಅತ್ತೆ ಕೆಲವು ದಿನ ಹಾಕಿಕೊಂಡರು. “ಇದರಲ್ಲಿ ಪಾತ್ರೆ ಸದ್ದು ಕೇಳತ್ತೆ, ಮನುಷ್ಯರ ಮಾತು ಕೇಳಲ್ಲ. ಮನುಷ್ಯರಿಗಿಂತ ಪಾತ್ರೇನೇ ಜಾಸ್ತಿ ಮಾತಾಡೋದು ಈ ಮನೇಲಿ,” ಎಂದು ಬಿಚ್ಚಿಟ್ಟರು. ಅಲ್ಲಿಂದ ಮನೆ ತಣ್ಣಗಾಯಿತು. ನಮ್ಮ ಮಗಳು ಮೈಸೂರಿನಲ್ಲಿ ಅವಳ ದೊಡ್ಡಪ್ಪನ ಮನೆಯಲ್ಲಿದ್ದು ಓದುತ್ತಾಳೆ. ಇರುವವರು ಮೂವರು. ಅದರಲ್ಲಿ ಒಬ್ಬರು ಮಾತು ಬಿಟ್ಟರೆ ಇನ್ನಿಬ್ಬರು ಎಷ್ಟು ಮಾತಾಡಿಯಾರು? ಅತ್ತೆ ನನ್ನ ಕಾಫಿಯನ್ನು ಬೈಯುವುದನ್ನೂ ಬಿಟ್ಟರು. ಕೊಟ್ಟದ್ದನ್ನು ಕುಡಿದು ಲೋಟ ಬೋರಲು ಹಾಕುವರು. ಒಳ್ಳೆಯದಾಯಿತು ಅಂದುಕೊಂಡಿರಾ? ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ.

ಇರಲಿ. ಮರದ ಗಿಟಾರಿನ ವಾರಕ್ಕೆ ಬರೋಣ.

ಮೊದಲ ದಿನ ಬೆರಳ ತುದಿ ಕೆಂಪಾಯಿತು. ಮರುದಿನ ಉರಿಯಿತು. ಅದರ ಮರುದಿನ ಹಸಿಮೆಣಸಿನಕಾಯಿ ಹೆಚ್ಚಿದೆ. (ಹೊಸದಾಗಿ ಗಿಟಾರು ಕಲಿಯುವ ಅಕ್ಕತಂಗಿಯರೇ, ಆ ವಾರ ಬರೀ ಸೌತೆಕಾಯಿ ಹೆಚ್ಚಿ.) ಆದರೂ ಒಂದು ಮಾತು ಹೇಳುತ್ತೇನೆ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಆ ಗಿಟಾರನ್ನು ತೊಡೆಯ ಮೇಲಿಟ್ಟು ಒಂದು ತಂತಿ ಮೀಟಿದರೆ, ಅದರ ಹೊಟ್ಟೆ ನಡುಗಿದ್ದು ನನ್ನ ಹೊಟ್ಟೆಗೆ ತಿಳಿಯುತ್ತಿತ್ತು. ಯಾರೋ ಪಕ್ಕದಲ್ಲಿ ಕೂತು ಹೂಂಗುಟ್ಟಿದ ಹಾಗೆ. ಆ ಸದ್ದು ನನ್ನದು. ಈ ಮನೆಯಲ್ಲಿ ನಾನು ಮಾಡುವ ಸದ್ದೆಲ್ಲ ಒಗ್ಗರಣೆಯದೋ ರುಬ್ಬುಗುಂಡಿನದೋ ಆಗಿತ್ತು. ಇದು ಯಾವ ಕೆಲಸಕ್ಕೂ ಬಾರದ, ಬರೀ ನನ್ನ ಸದ್ದು.

ಅತ್ತೆ ಅಲ್ಲೇ ಅಕ್ಕಿ ಆರಿಸುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ ಹೇಳಿದರು.

“ಬೆರಳು ಮೆಟ್ಟಿಲ ಮೇಲೇ ಹತ್ತಿಸ್ತೀಯಲ್ಲೇ. ಒಂಚೂರು ಹಿಂದೆ ಒತ್ತು.”

ಮೆಟ್ಟಿಲು ಎಂದರೆ ಗಿಟಾರಿನ ಕತ್ತಿನ ಮೇಲಿರುವ ಅಡ್ಡಪಟ್ಟಿಗಳು, ವೀಣೆಯಲ್ಲಿ ಇರುವಂಥವೇ. ಹಿಂದೆ ಒತ್ತಿದೆ. ಕರಕರ ಎನ್ನುತ್ತಿದ್ದ ತಂತಿ ಠಣ್ ಎಂದು ಸ್ಪಷ್ಟವಾಗಿ ನುಡಿಯಿತು.

“ಸರಿಯಾಯ್ತು ಅತ್ತೆ! ನೀವೂ ಒಂದ್ಸಲ ಬಾರ್ಸಿ!” ಕೂಗಿದೆ.

“ನಂಗ್ಯಾಕೆ ಬಿಡು,” ಎಂದರು. “ನೀನು ಬಾರ್ಸೋದು ನಂಗೆ ಮೂಕಿ ಸಿನಿಮಾ ಇದ್ದಂಗೆ. ಕೈ ಆಡತ್ತೆ, ಕಥೆ ಗೊತ್ತಾಗಲ್ಲ.”

ಹೇಳಿ ಮೊರವನ್ನು ಎತ್ತಿಕೊಂಡು ಮುಂದಿನ ಜಗುಲಿಗೆ ಹೋದರು. ಆ ವಾರ ಮತ್ತೆ ಹಿತ್ತಿಲಿಗೆ ಬರಲಿಲ್ಲ.

ವಾರ ಮುಗಿದಾಗ ವಿಕ್ಟರರಿಗೆ ಹೇಳಿದೆ: “ಇದೇ ಸಾಕು. ಇನ್ನೊಂದು ಬೇಡ.” ಯಜಮಾನರು ಪೇಪರಿನ ಹಿಂದಿನಿಂದಲೇ “ವೆರಿ ಗುಡ್” ಎಂದರು.

“ತಂದಾಗಿದೆಯಲ್ಲ ಮೇಡಂ, ಒಂದ್ಸಲ ನೋಡ್ಬಿಡಿ,” ಎಂದರು ವಿಕ್ಟರ್.

ಎಲೆಕ್ಟ್ರಿಕ್ ಗಿಟಾರು ಕೆಂಪಗಿತ್ತು. ಎಂಥ ಕೆಂಪು? ಕುಂಕುಮವಲ್ಲ, ಅಂಚೆ ಡಬ್ಬಿ. ಅದಕ್ಕೆ ಬೇಕಾದ ಪೆಟ್ಟಿಗೆ ಆರ್ಕೆಸ್ಟ್ರಾದವರದು, ಮನೆಗೆ ತರುವಂತಿರಲಿಲ್ಲ. “ನಿಮ್ಮ ರೇಡಿಯೋ ಸಾಕು,” ಎಂದು ವಿಕ್ಟರ್ ಹಾಲಿನಲ್ಲಿದ್ದ ನಮ್ಮ ದೊಡ್ಡ ರೇಡಿಯೋವನ್ನು ಮುಂದಕ್ಕೆ ಎಳೆದು, ಗ್ರಾಮಫೋನು ಸೇರಿಸಲೆಂದು ಅದರ ಬೆನ್ನಿನಲ್ಲಿರುವ ತೂತಿಗೆ ವೈರು ಸಿಕ್ಕಿಸಿದರು. ಯಜಮಾನರಿಗೆ ಆ ರೇಡಿಯೋ ಎಂದರೆ ಎರಡನೆಯ ಹೆಂಡತಿ. (ಅಥವಾ ಮೊದಲನೆಯ ಹೆಂಡತಿ. ಅದು ನನಗಿಂತ ಮುಂಚೆ ಬಂದದ್ದು.) ಅವರು ಪೇಪರು ಮಡಿಸಿ ಎದ್ದು ನಿಂತರು.

ರೇಡಿಯೋ ಬಿಸಿಯಾಯಿತು. ಅದರ ಹಸಿರು ದೀಪದ ಕಣ್ಣು ತೆರೆಯಿತು. ವಿಕ್ಟರ್ ವಾಲ್ಯೂಮ್ ಎಷ್ಟು ತಿರುಗಿಸಿದರೋ ನಾನು ನೋಡಲಿಲ್ಲ. ಆರೂ ತಂತಿಗಳ ಮೇಲೆ ಒಮ್ಮೆ ಬೆರಳು ಎಳೆದೆ.

ಏನಾಯಿತೆಂದು ಹೇಳಲಿ? ಷೋಕೇಸಿನ ಗಾಜು ಝಲ್ಲೆಂದಿತು. ಕಿಟಕಿ ಸಜ್ಜದ ಮೇಲಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಪಕ್ಕದ ಮನೆಯಲ್ಲಿ ಶ್ಯಾಮರಾಯರ ಮಂಚ ಕಿರುಗುಟ್ಟಿದ್ದು ಕೇಳಿಸಿತು. ಯಜಮಾನರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, “ಆಫ್ ಮಾಡಿ, ಆಫ್ ಮಾಡಿ!” ಎಂದು ಕುಣಿಯುತ್ತಿದ್ದರು.

ಅತ್ತೆ ನಮಗೆ ಬೆನ್ನು ಮಾಡಿ ಜಗುಲಿಯಲ್ಲಿ ಕೂತಿದ್ದರು. ನಾವು ಹತ್ತು ಸಲ ಕರೆದರೂ ತಿರುಗದವರು. ಅವರು ತಿರುಗಿದರು.

ಮೊರ ಕೆಳಗಿಟ್ಟರು. ಎದ್ದು ಒಳಗೆ ಬಂದರು. ಕುಣಿಯುತ್ತಿದ್ದ ಮಗನನ್ನು ಪಕ್ಕಕ್ಕೆ ಸರಿಸಿ ರೇಡಿಯೋದ ಮುಂದೆ ನೆಲದ ಮೇಲೆ ಕೂತರು. ಅದರ ಮರದ ಮೈಯನ್ನು ಎರಡೂ ತೋಳಿನಲ್ಲಿ ಹಿಡಿದು ಕಿವಿಯನ್ನು ಅದಕ್ಕೆ ಒತ್ತಿಕೊಂಡರು.

“ಇನ್ನೊಂದ್ಸಲ ಮೀಟು,” ಎಂದರು.

ಮೀಟಿದೆ.

“ಒಂದೊಂದೇ ತಂತಿ.”

ಒಂದೊಂದೇ ಮೀಟಿದೆ. ಹೊಸಕೆರೆಹಳ್ಳಿಯಿಂದ ಸೊಪ್ಪು ಹೊತ್ತು ಬರುವ ನಂಜಮ್ಮ ಆಗತಾನೆ ಗೇಟಿನೊಳಗೆ ಬಂದಿದ್ದಳು. ಬಾಗಿಲಿನಿಂದ ಇಣುಕಿದವಳೇ ಬುಟ್ಟಿ ಸಮೇತ ಹಿಂದಕ್ಕೆ ಸರಿದಳು. “ಅಯ್ಯೋ ಸಿವನೇ! ದೊಡ್ಡಮ್ಮಾರು ರೇಡಿಯಾ ತಬ್ಕೊಂಡವ್ರಲ್ಲವ್ವಾ! ಏನಾಯ್ತು?” ಸಂಜೆಯೊಳಗೆ ನಮ್ಮ ಕ್ರಾಸಿನ ಎಲ್ಲ ಮನೆಗಳಿಗೂ ದಂಟಿನ ಸೊಪ್ಪಿನ ಜೊತೆ ಈ ಸುದ್ದಿಯೂ ಹೋಯಿತು.

ಅತ್ತೆಗೆ ಅದಾವುದೂ ಬೇಕಿರಲಿಲ್ಲ. ಆರನೆಯ ತಂತಿಯೂ ನಿಂತ ಮೇಲೆ ಕಣ್ಣು ಬಿಟ್ಟು ವಿಕ್ಟರರನ್ನು ನೋಡಿದರು. ಧನ್ಯವಾದ ಹೇಳುತ್ತಾರೆಂದು ನಾನು ಎಣಿಸಿದೆ.

“ಏನಪ್ಪಾ ಇದು ಶ್ರುತಿ? ಆರು ತಂತಿ ಆರು ಊರಿಗೆ ಹೊರಟಿವೆ.”

“ಅಮ್ಮಾ, ಅದು ಹಂಗೇ ಇರೋದು. ಇಂಗ್ಲಿಷ್ ಟ್ಯೂನಿಂಗು,” ಎಂದರು ವಿಕ್ಟರ್.

“ಹಾಂ?”

“ಇಂಗ್ಲಿಷ್! ಇಂಗ್ಲಿಷ್ ಟ್ಯೂನಿಂಗ್!”

“ಇಂಗ್ಲಿಷ್‌ನೋರು ಹೋಗಿ ಎಷ್ಟು ಕಾಲ ಆಯ್ತು? ಷಡ್ಜ ಪಂಚಮಕ್ಕೆ ಸೇರ್ಸು.”

ವಿಕ್ಟರ್ ನನ್ನ ಕಡೆ ದೀನವಾಗಿ ನೋಡಿದರು. ನಾನು ಇಪ್ಪತ್ತು ವರ್ಷದಿಂದ ಅತ್ತೆಯ ಮಾತು ಮೀರಿಲ್ಲ, ಅವರು ಬರತೊಡಗಿ ಒಂದು ವಾರವಾಗಿತ್ತಷ್ಟೆ. ಬಿರಡೆ ತಿರುಗಿಸಿ ತಂತಿಗಳನ್ನು ಸ ಪ ಸ ಎಂದು ಸೇರಿಸಿಕೊಟ್ಟರು. ಪ್ರತಿ ತಂತಿಗೂ ಅತ್ತೆ ರೇಡಿಯೋಗೆ ಕಿವಿ ಕೊಟ್ಟು, “ಇಳಿಸು, ಏರಿಸು, ಇನ್ನೂ ಒಂದು ಕೂದಲು, ಹಾಂ,” ಎಂದು ಅಪ್ಪಣೆ ಮಾಡಿದರು.

ಆಮೇಲೆ ಕೈಚಾಚಿದರು. ಗಿಟಾರು ಕೊಟ್ಟೆ.

ಚಕ್ಕಂಬಟ್ಟಲು ಹಾಕಿಕೊಂಡು ಆ ಅಂಚೆ ಡಬ್ಬಿಯನ್ನು ವೀಣೆಯಂತೆ ಅಡ್ಡಡ್ಡ ಮಲಗಿಸಿಕೊಂಡರು. ಭುಜವನ್ನು ರೇಡಿಯೋಗೆ ಆನಿಸಿ ಕಿವಿಯನ್ನೂ ಅಲ್ಲೇ ಇಟ್ಟರು. ಮೊದಲು ಸರಳೆಯ ಸ ರಿ ಗ ಮ. ಮಕ್ಕಳು ನುಡಿಸುವ ಹಾಗೆ ತಡವರಿಸಿ, ನಿಂತು, ಮತ್ತೆ ಶುರು. ಆಮೇಲೆ ಒಂದು ಕಡೆ ತಂತಿಯನ್ನು ಮೆಟ್ಟಿಲ ಮೇಲೇ ಪಕ್ಕಕ್ಕೆ ಎಳೆದರು, ವೀಣೆಯಲ್ಲಿ ಗಮಕಕ್ಕೆ ಎಳೆಯುವಂತೆ. ನಾನು ಮರದ ಗಿಟಾರಿನಲ್ಲಿ ಒತ್ತಲೇ ಒದ್ದಾಡುತ್ತಿದ್ದೆ. ಆ ತೆಳು ತಂತಿ ಇವರ ಮುದಿ ಬೆರಳಿಗೆ ಬೆಣ್ಣೆಯಂತೆ ಬಗ್ಗಿತು. ಸ್ವರ ಒಂದು ಕಡೆಯಿಂದ ಜಾರಿ ಇನ್ನೊಂದರ ಮೇಲೆ ಹೋಗಿ ಕೂತಿತು. ಮೋಹನ ರಾಗ. ನಮ್ಮ ರೇಡಿಯೋದಿಂದ ನಮ್ಮತ್ತೆ. (ರೇಡಿಯೋಗೆ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸು ಮಾಡಿಸುತ್ತೇವೆ. ಅದರಲ್ಲಿ ಅತ್ತೆಯನ್ನು ಕೇಳಲು ಅನುಮತಿ ಇದೆಯೋ ಇಲ್ಲವೋ ಬರೆದಿಲ್ಲ.)

ಒಂದು ಕಡೆ ಬೆರಳು ತಪ್ಪಿತು. ಅತ್ತೆ ತಟ್ಟನೆ ನಿಲ್ಲಿಸಿದರು. ನನಗೆ ನವರಾತ್ರಿಯ ದಿನ ನೆನಪಾಯಿತು. ಅತ್ತೆ ನನ್ನ ಕಡೆ ತಿರುಗಿದರು. ಮುಖ ತುಂಬ ನಗು.

“ತಪ್ಪಿತು ಅಲ್ವೇನೇ? ಗಾಂಧಾರ ತಪ್ಪಿತು. ಕೇಳಿಸ್ತು ಕಣೇ ನಂಗೆ! ನನ್ನ ತಪ್ಪು ನಾನೇ ಕೇಳಿ ಎಷ್ಟು ವರ್ಷ ಆಗಿತ್ತು!”

ಹೌದೆಂದು ತಲೆಯಾಡಿಸಿದೆ. ಯಜಮಾನರು ಯಾವಾಗಲೋ ಕಿವಿಯಿಂದ ಕೈ ತೆಗೆದಿದ್ದರು.

ಸರಿಯಾಗಿ ಆಗ ಶ್ಯಾಮರಾಯರು ಬಂದರು. ಪಂಚೆ ಎತ್ತಿ ಕಟ್ಟಿದ್ದರು, ಕೈಯಲ್ಲಿ ಕೋಲು. “ಇದೇನು ಮನೇನೋ ಫ್ಯಾಕ್ಟರಿನೋ? ಮನುಷ್ಯರು ಮಲಗೋದು ಬೇಡ್ವಾ ಈ ಬೀದೀಲಿ?” ಎಂದು ಕೂಗುತ್ತಲೇ ಹಾಲಿಗೆ ನುಗ್ಗಿದರು. ನುಗ್ಗಿದವರು ಕೆಂಪು ಗಿಟಾರಿನ ಹಿಂದೆ ಕೂತಿದ್ದ ಕಮಲಮ್ಮನವರನ್ನು ಕಂಡು, ಬಾಯಿ ತೆರೆದದ್ದು ತೆರೆದಂತೆಯೇ ನಿಂತರು.

ಅತ್ತೆಗೆ ಕೂಗು ಕೇಳಿಸಿರಲಿಲ್ಲ. ಬಂದದ್ದಷ್ಟೇ ಕಾಣಿಸಿತು.

“ಬನ್ನಿ ರಾಯರೇ, ಕೂತ್ಕೊಳ್ಳಿ. ಎಷ್ಟು ಬೇಗ ಕೇಳೋಕ್ಕೆ ಬಂದ್ರಿ! ಸರೋಜ, ರಾಯರಿಗೆ ಕಾಫಿ ತಾ. ಸ್ಟ್ರಾಂಗಾಗಿ ಮಾಡು, ನೀನು ಮಾಡೋ ಹಾಗೆ ಮಾಡಬೇಡ.”

ಮೂವತ್ತು ವರ್ಷ ಶಾಲೆಯನ್ನು ಗಡಗಡ ನಡುಗಿಸಿದ ಶ್ಯಾಮರಾಯರು ಕೋಲನ್ನು ಬಾಗಿಲ ಸಂದಿಗೆ ಒರಗಿಸಿ, ಪಂಚೆ ಇಳಿಸಿ, ಕುರ್ಚಿಯ ತುದಿಯಲ್ಲಿ ಕೂತರು. ಪೂರ್ತಿ ಕೇಳಿದರು. ಮುಗಿದ ಮೇಲೆ “ಚೆನ್ನಾಗಿತ್ತು” ಎಂದು ಸನ್ನೆ ಮಾಡಿದರು. ಹೊರಡುವಾಗ ನನ್ನ ಹತ್ತಿರ ಮೆಲ್ಲಗೆ, “ಊಟ ಆದ್ಮೇಲೆ ಮಾತ್ರ ಬೇಡಮ್ಮ. ಐದು ಗಂಟೆ ಮೇಲಾದ್ರೆ ನ್ಯೂಸೆನ್ಸ್ ಏನಿಲ್ಲ,” ಎಂದರು.

ನಾನು ಒಳಗೆ ಹೋಗಿ ಕಾಫಿಯ ಪಾತ್ರೆ ತೊಳೆಯುತ್ತಾ ನಿಂತೆ. ನೀನು ಮಾಡೋ ಹಾಗೆ ಮಾಡಬೇಡ. ಎಷ್ಟು ಕಾಲವಾಗಿತ್ತು ಆ ಮಾತು ಕೇಳಿ!

ಆ ವಾರ ಎಲೆಕ್ಟ್ರಿಕ್ ಗಿಟಾರು ನನ್ನ ಕೈಗೆ ಸಿಕ್ಕಿದ್ದು ಅತ್ತೆ ಸ್ನಾನಕ್ಕೆ ಹೋದಾಗ ಮಾತ್ರ.

ಭಾನುವಾರ ಬಂತು. ತೀರ್ಮಾನದ ದಿನ. ವಿಕ್ಟರ್ ಬಂದು ಎರಡೂ ಗಿಟಾರುಗಳನ್ನು ಮಂಚದ ಮೇಲೆ ಅಕ್ಕಪಕ್ಕ ಮಲಗಿಸಿದರು. ಒಂದು ಹೋಗಬೇಕು. ನಾನು ಜೇನು ಬಣ್ಣದ್ದರ ಹೊಟ್ಟೆಯ ಮೇಲೆ ಸುಮ್ಮನೆ ಕೈಯಿಟ್ಟೆ. ಸುಳ್ಳು ಹೇಳುವುದಿಲ್ಲ, ನನಗೆ ಬೇಕಾಗಿದ್ದದ್ದು ಅದೇ.

ಅತ್ತೆ ಜಗುಲಿಯಿಂದ ಒಳಗೆ ಬಂದರು. ಮಂಚದ ಕಡೆ ನೋಡಲೇ ಇಲ್ಲ. ದೇವರ ಮನೆಯ ಕಡೆ ಹೋಗುತ್ತಾ, ಯಾವುದೋ ತರಕಾರಿಯ ವಿಷಯ ಹೇಳುವಂತೆ ಹೇಳಿದರು.

“ಮರದ್ದೇ ಇಟ್ಕೋ. ನಿಂಗೆ ಅದೇ ಒಗ್ಗಿರೋದು. ಆ ಕೆಂಪುದು ತೊಗೊಂಡು ಹೋಗ್ಲಿ. ಅದರ ಸದ್ದಿಗೆ ನಂಗೆ ನಿದ್ದೆ ಬರಲ್ಲ.”

ಪಕ್ಕದಲ್ಲಿ ಕುಕ್ಕರು ಸಿಡಿದರೂ ಎಚ್ಚರಾಗದ ನಮ್ಮತ್ತೆಗೆ ಸದ್ದಿಗೆ ನಿದ್ದೆ ಬರುವುದಿಲ್ಲವಂತೆ!

ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. ಆಮೇಲೆ ತಮ್ಮ ರೇಡಿಯೋವನ್ನು ನೋಡಿದರು. ಟೆಸ್ಟ್ ಮ್ಯಾಚು ಹತ್ತಿರದಲ್ಲಿತ್ತು, ಕಾಮೆಂಟರಿ ಎಂದರೆ ಇವರಿಗೆ ಪ್ರಾಣ. ಒಂದು ದೊಡ್ಡ ನಿಟ್ಟುಸಿರು ಬಿಟ್ಟು, “ಕಾಮೆಂಟರಿಗೆ ನಾನು ಶ್ಯಾಮರಾಯರ ಮನೆಗೆ ಹೋಗ್ತೀನಿ ಬಿಡು,” ಎಂದರು. ಇಪ್ಪತ್ತು ವರ್ಷದಲ್ಲಿ ನನ್ನ ಗಂಡ ಆಡಿದ ಪ್ರೀತಿಯ ಮಾತುಗಳಲ್ಲಿ ಇದನ್ನು ಮೇಲಿನ ಸಾಲಿಗೆ ಹಾಕುತ್ತೇನೆ.

“ಕೆಂಪುದು ಇರ್ಲಿ ವಿಕ್ಟರ್!” ಅತ್ತೆಗೂ ಕೇಳುವಂತೆ ಕೂಗಿದೆ.

ದೇವರ ಮನೆಯಲ್ಲಿ ಗಂಟೆಯ ಸದ್ದಾಯಿತು. ಸಂಜೆಯ ಪೂಜೆಗೆ ಇನ್ನೂ ಹೊತ್ತಿತ್ತು. ಯಾಕೆ ಬಾರಿಸಿದರೋ ನಾನು ಕೇಳಲಿಲ್ಲ.

ಹೀಗೆ ಕಲಿಯಬೇಕೆಂದವಳು ನಾನು, ಗಿಟಾರು ಅತ್ತೆಯದು. ವಾರಕ್ಕೊಮ್ಮೆ ವಿಕ್ಟರ್ ಬಂದು ನನ್ನ ಪಾಠಕ್ಕಾಗಿ ಇಂಗ್ಲಿಷ್ ಶ್ರುತಿ ಮಾಡಿಕೊಡುತ್ತಾರೆ. ಅವರ ಸೈಕಲ್ಲು ಬೀದಿ ತಿರುಗುವುದರೊಳಗೆ ಅತ್ತೆ ಅದನ್ನು ಕನ್ನಡಕ್ಕೆ ಅನುವಾದ ಮಾಡಿರುತ್ತಾರೆ. ಕರೆಂಟು ಹೋದ ಸಂಜೆ ಅವರ ಮುಖ ನೋಡುವಂತಿಲ್ಲ, ಎಲೆಕ್ಟ್ರಿಕ್ ಆಫೀಸಿನ ಸಮಸ್ತರಿಗೂ ನಮ್ಮ ಮನೆಯಲ್ಲಿ ಮಂಗಳಾರತಿ. ಬೆಳಗಿನ ಕಾಫಿಗೆ ಮತ್ತೆ ವಿಮರ್ಶೆ ಆರಂಭವಾಗಿದೆ. ಸಾರಿಗೆ ಉಪ್ಪು ಹೆಚ್ಚು, ಪಲ್ಯಕ್ಕೆ ಬೆಂಕಿ ಹೆಚ್ಚು, ನನಗೆ ಸಲಿಗೆ ಹೆಚ್ಚು.

ಈಗ ನಮ್ಮ ಬಡಾವಣೆಯಲ್ಲಿ ನಾನೊಬ್ಬಳು ಗಿಟಾರು ಪಂಡಿತೆ ಎಂದು ಸುದ್ದಿಯಾಗಿದೆ. ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. “ನಮ್ಮ ಹುಡುಗನಿಗೆ ಯಾವುದು ಕೊಡಿಸೋಣ, ಮರದ್ದೋ ಕರೆಂಟಿನದೋ?” ಬೆರಳು ಹೇಗಿದೆ, ತಂತಿ ದಪ್ಪವೋ ತೆಳುವೋ, ಅದನ್ನೆಲ್ಲ ವಿಕ್ಟರ್ ಹೇಳುತ್ತಾರೆ. ನಾನು ಕೇಳುವುದು ಒಂದೇ: “ಮನೇಲಿ ಯಾರು ಕೇಳ್ತಾರೆ?” ಅದನ್ನು ಯಾರೂ ಯೋಚಿಸಿರುವುದಿಲ್ಲ. ಮದುವೆ ಮಾಡುವಾಗಲೂ ಯೋಚಿಸುವುದಿಲ್ಲ, ಮಾತಾಡುವಾಗಲೂ ಯೋಚಿಸುವುದಿಲ್ಲ, ಇನ್ನು ಗಿಟಾರಿಗೆಲ್ಲಿ?

ನನ್ನ ವಿದ್ಯೆ ಇನ್ನೂ ಸರಳೆಯಲ್ಲೇ ಇದೆ. ಅತ್ತೆ ರೇಡಿಯೋಗೆ ಒರಗಿ ಕೂತು ಪಾಠ ಕೇಳುತ್ತಾರೆ. ಎಲ್ಲ ಸರಿಯಾಗಿದ್ದರೆ ಅವರದು ಒಂದು ಮಾತೂ ಇಲ್ಲ, ಕಣ್ಣು ಮುಚ್ಚಿಕೊಂಡಿರುತ್ತಾರೆ. ಒಂದು ಸ್ವರ ತಪ್ಪಲಿ, ನೋಡಬೇಕು! “ಅಪಸ್ವರ!” ಎಂದು ಗುಡುಗುತ್ತಾರೆ. ಆಮೇಲೆ ಆ ಸ್ವರದಿಂದ ಹಿಡಿದು ನನ್ನ ತವರಿನವರೆಗೆ ಎಲ್ಲವೂ ಬರುತ್ತದೆ. ಆ ಮಾತು ಅರ್ಧ ಗಂಟೆ ನಿಲ್ಲುವುದಿಲ್ಲ.

ಅದಕ್ಕೇ, ಮನೆ ತೀರಾ ಸುಮ್ಮನಾಯಿತು ಎನಿಸಿದ ದಿನ ನಾನು ಬೇಕೆಂದೇ ಒಂದು ಗಾಂಧಾರ ತಪ್ಪಿಸುತ್ತೇನೆ.